ಗುದ್ದಲಿ ಕಸಿದ ಮಾಬುಬಿ

“ಆಯಿ, ಗುದ್ದಲಿ ಕೊಡ್ರಿ ಇಲ್ಲೆ!” ಎಂದವಳೇ ಮಾಬುಬಿ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. ಕೆಲಸಕ್ಕೆ ಬಂದು ಅವಳಿಗೆ ಅದು ಮೊದಲ ದಿನ. ತಂಬೂರಿನ ಅಡವಿಯಂಚಿನಲ್ಲಿ ಪರವಾನಗಿ ಪಡೆದು ಶತಾವರಿ ಬೇರು ಅಗೆಯುವ ಎಂಟು ಹೆಂಗಸರಿಗೆ ಮುಖ್ಯಸ್ಥೆ ನಾನು. ಒಂದು ಗಿಡದಲ್ಲಿ ಒಂದೇ ಬದಿಯ ಬೇರು ತೆಗೆಯಬೇಕು, ಇನ್ನೊಂದು ಬದಿ ಮುಟ್ಟದೆ ಮಣ್ಣು ಮುಚ್ಚಬೇಕು. ಇಲ್ಲದಿದ್ದರೆ ಗಿಡ ಸಾಯುತ್ತದೆ. ಈ ನಿಯಮ ನನ್ನದೇ. ಮುಂಜಾನೆ ಇದನ್ನು ಮರೆತಿದ್ದಕ್ಕೆ ಮಾಬುಬಿಗೆ ಎಲ್ಲರ ಮುಂದೆ ಬೈದಿದ್ದೆ.

ಮಧ್ಯಾಹ್ನ ಬೇರು ಒಯ್ಯುವ ಗಾಡಿ ಬರುವ ಹೊತ್ತಾಯಿತು, ನನ್ನ ಚೀಲ ಮಾತ್ರ ತುಂಬಿರಲಿಲ್ಲ. ದಪ್ಪ ಬೇರಿನ ಗಿಡವೊಂದು ಸಿಕ್ಕಿತು. ಒಂದು ಬದಿ ತೆಗೆದೆ. ಯಾರೂ ನೋಡುವುದಿಲ್ಲವೆಂದು ಇನ್ನೊಂದು ಬದಿಗೂ ಗುದ್ದಲಿ ಎತ್ತಿದೆ. ಅವಳು ನೋಡಿದಳು.

“ಮುಂಜಾನಿ ನನಗ ನೀವು ಬೈದ್ರಿ. ಈಗ ನಿಮಗ ಯಾರು ಬೈಬೇಕ್ರಿ?”

ಉಳಿದವರೆಲ್ಲ ಕೆಲಸ ಬಿಟ್ಟು ನನ್ನ ಮುಖ ನೋಡತೊಡಗಿದರು. ಸುಳ್ಳು ಹೇಳಲು ದಾರಿ ಇರಲಿಲ್ಲ.

“ನೀನ ಬೈ ಬೇ. ಜಲ್ದಿ ಬೈ, ಗಾಡಿ ಬರ್ತದ” ಎಂದೆ.

ಬೈದೇಬಿಟ್ಟಳು. ಮುಂಜಾನೆಯ ನನ್ನ ಮಾತೇ, ನನ್ನ ದನಿಯಲ್ಲೇ: “ಕಣ್ಣು ಎಲ್ಲಿಟ್ಟಿ ಬೇ? ಮುಂದಿನ ವರ್ಷ ಇಲ್ಲೆ ಕಲ್ಲು ಅಗೀತಿಯೇನ?” ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕುಣಿಗೆ ಮಣ್ಣು ಮುಚ್ಚಿ, ಕಾಲಿನಿಂದ ತುಳಿದು, ಅರೆ ಚೀಲವನ್ನೇ ಗಾಡಿಗೆ ಹಾಕಿದೆ.

ಈ ಮಳೆಗಾಲಕ್ಕೆ ಆ ಗಿಡ ಮೂರು ಚಿಗುರು ಬಿಟ್ಟಿದೆ. ತೋರಿಸಿದರೆ ಮಾಬುಬಿ, “ನಾ ಬೈದದ್ದಕ್ಕ ಬಂದಾವ್ರಿ” ಎನ್ನುತ್ತಾಳೆ.