ಹೊರಟವರ ಬೆನ್ನಿಗೆ ಕೂಗದವರು

ಕಾಕನ ಎಡಗೈ ಸುಟ್ಟ ಗೆರಟೆಯ ಬಣ್ಣಕ್ಕೆ ತಿರುಗಿತ್ತು. ಬಲಗೈ ಮಾತ್ರ ನಿನ್ನೆ ಊರಿನಿಂದ ಬಂದವರ ಕೈಯ ಹಾಗಿತ್ತು. ಸೌದಿಯಲ್ಲಿ ಡ್ರೈವರ್ ಕೂರುವುದು ಎಡಬದಿಗೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಿಟಕಿಯ ಬಿಸಿಲನ್ನೆಲ್ಲ ಅದೊಂದೇ ಕೈ ಕುಡಿದಿತ್ತು. ಯಾರಾದರೂ ತಮಾಷೆ ಮಾಡಿದರೆ ಎರಡೂ ಕೈಗಳನ್ನು ಜೋಡಿಸಿ ತೋರಿಸಿ ಹೇಳುತ್ತಿದ್ದರು: "ಎಡಗೈ ಕಫೀಲನದ್ದು ಮಾರಾಯ. ಬಲಗೈ ನನ್ನ ಮಗಳದ್ದು. ನಿಕಾಹ್ ದಿನ ಮದುಮಗನ ಕೈ ಹಿಡೀಲಿಕ್ಕೆ ಅಂತ ನೆರಳಲ್ಲಿ ಇಟ್ಟದ್ದು."

ಆ ಮಧ್ಯಾಹ್ನ ಖಮೀಸ್ ಮುಶೈತಿನ ನಮ್ಮ ಟ್ರಾವೆಲ್ ಆಫೀಸಿನಲ್ಲಿ ಇದ್ದದ್ದು ಮೂವರೇ. ಕಂಪ್ಯೂಟರಿನ ಮುಂದೆ ನಾನು. ಎದುರಿನ ಸೋಫಾದಲ್ಲಿ ಫೋನಿನಿಂದ ತಲೆ ಎತ್ತದ ಕಫೀಲನ ಹಿರಿಯ ಮಗ. ಗಾಜಿನ ಬಾಗಿಲ ಬಳಿ ಕಾರಿನ ಕೀಲಿ ಹಿಡಿದು ನಿಂತ ಕಾಕ. ಕಫೀಲನೆಂದರೆ ಕಾಕನನ್ನು ಮನೆಯ ಡ್ರೈವರಾಗಿ ಕರೆಸಿಕೊಂಡ ಯಜಮಾನ. ಕಾಕ ಆ ದೇಶದಲ್ಲಿ ಇರುವುದು, ಬಿಟ್ಟು ಹೋಗುವುದು ಎಲ್ಲ ಅವನ ಕೈಯಲ್ಲಿ. ಈ ಮಗನನ್ನು ಮೊದಲ ದಿನ ಶಾಲೆಗೆ ಹೆಗಲ ಮೇಲೆ ಹೊತ್ತು ಬಿಟ್ಟವರು ಕಾಕನೇ. ಆದರೂ ಅವನೆದುರು ಅವರು ಎಂದೂ ಕೂತದ್ದಿಲ್ಲ.

ಕುಟುಂಬವೆಲ್ಲ ಕೆರಿಬಿಯನ್ ದ್ವೀಪವೊಂದಕ್ಕೆ ಹೊರಟಿತ್ತು. ಟಿಕೆಟ್ ಆಗಿತ್ತು, ಕಡಲ ದಂಡೆಯ ಹೋಟೆಲಿನಲ್ಲಿ ಕೋಣೆಗಳೂ ಆಗಿದ್ದವು. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಖಾಸಗಿ ಗಾಡಿ ಮಾತ್ರ ಬಾಕಿ.

"ಟ್ಯಾಕ್ಸಿಗೆ ಸಾಲು ನಿಲ್ಲುವುದು ನಮ್ಮಿಂದ ಆಗದು," ಎಂದ ಮಗ. "ನಮ್ಮ ಹೆಸರು ಹಿಡಿದು ನಿಂತವನು ಬೇಕು. ದೊಡ್ಡ ಗಾಡಿ. ಯಲ್ಲಾ, ಬೇಗ."

ಫೋನು ಬಂತು, ಅವನು ಹೊರಗೆ ಹೋದ. ಕಾಕ ಮೆಲ್ಲನೆ ನನ್ನ ಮೇಜಿನ ಬಳಿ ಬಂದರು.

"ಅದೆಲ್ಲಿ ಮಾರಾಯ ಆ ಊರು?"

"ವೆಸ್ಟ್ ಇಂಡೀಸ್ ಕಡೆ, ಕಾಕಾ."

"ಕ್ರಿಕೆಟ್‌ನವರದ್ದಾ? ಹಾಗಾದ್ರೆ ಉದ್ದುದ್ದ ಜನ. ಗಾಡಿಯನ್ನೂ ಬಾಲ್ ಹಾಕಿದ ಹಾಗೇ ಬಿಡ್ತಾರೋ ಎಂತದೋ."

"ಅಲ್ಲಿ ನಮ್ಮ ಊರಿನ ಹಾಗೆ. ರಸ್ತೆಯ ಎಡಬದಿಯಲ್ಲಿ ಓಡಿಸುವುದು."

ಕಾಕನ ಮುಖ ಗಂಭೀರವಾಯಿತು. ಕಫೀಲನನ್ನು ಅವರು ಬಾಬಾ ಎಂದೇ ಕರೆಯುವುದು. "ಹಾಗಾದ್ರೆ ಬಾಬಾನನ್ನು ಮುಂದೆ ಕೂರಿಸ್ಲಿಕ್ಕಿಲ್ಲ ಅಂತ ಬರಿ. ಎದುರು ಬರುವ ಗಾಡಿ ನೋಡಿ ಹೆದರ್ತಾರೆ. ಹೆದರಿದ್ದು ತೋರಿಸ್ಬಾರ್ದು ಅಂತ ಬೈತಾರೆ. ಬರಿ, ಬರಿ."

ಡ್ರೈವರನಿಗೆ ವಿಶೇಷ ಸೂಚನೆ ಏನಾದರೂ ಇದ್ದರೆ ತುಂಬಿಸಲು ಬುಕಿಂಗಿನಲ್ಲಿ ಒಂದು ಚಿಕ್ಕ ಜಾಗವಿತ್ತು. ಯಾರೂ ಅದನ್ನು ಮುಟ್ಟುವುದಿಲ್ಲ. ಕಾಕ ನನ್ನಿಂದ ಅದನ್ನು ತುಂಬಿಸಿದರು. ಕಫೀಲನ ತಾಯಿ ಮುದುಕಮ್ಮನಿಗೆ ಬಲ ಮೊಣಕಾಲು ಮಡಚಲು ಆಗುವುದಿಲ್ಲ, ಬಾಗಿಲ ಪಕ್ಕದ ಸೀಟು ಕೊಡಬೇಕು, ಇಳಿಸುವಾಗ ಕೈ ಹಿಡಿಯಬಾರದು, ಮೊಣಕೈ ಚಾಚಿದರೆ ಸಾಕು, ಅವಳೇ ಹಿಡಿಯುತ್ತಾಳೆ. ಕಿರಿಯ ಹುಡುಗಿಗೆ ತಿರುವಿನಲ್ಲಿ ವಾಂತಿ, ಕೇಳದೆಯೇ ಕಿಟಕಿ ಇಳಿಸಬೇಕು, ಕೇಳಿದರೆ ಅವಳಿಗೆ ನಾಚಿಕೆ. ಬಾಬಾ ನಿದ್ದೆ ಹೋದರೆ ಬ್ರೇಕ್ ಮೆತ್ತಗೆ. ಮುದುಕಮ್ಮ ಗಾಡಿಯಲ್ಲಿದ್ದರೆ ಹಾಡು ಬೇಡ.

"ಇಷ್ಟೆಲ್ಲ ಯಾಕೆ ಕಾಕಾ? ಅರ್ಧ ಗಂಟೆಯ ದಾರಿ."

"ಅರ್ಧ ಗಂಟೆಯೇ ಕಷ್ಟ. ಗುರುತಿಲ್ಲದವ ಓಡಿಸುದಲ್ವಾ?"

ಮರುದಿನ ದ್ವೀಪದಿಂದ ಉತ್ತರ ಬಂತು. ಬರೆದವನು ಅಲ್ಲಿಯ ಡ್ರೈವರ್. ಎಲ್ಲ ಅರ್ಥವಾಯಿತು, ಇದನ್ನು ಹೇಳಿಸಿದವರು ಡ್ರೈವರೇ ಇರಬೇಕು, ಅವರ ಜನರನ್ನು ನನ್ನ ಜನರ ಹಾಗೆ ಒಯ್ಯುತ್ತೇನೆ ಎಂದು ಹೇಳಿ, ಎಂದಿದ್ದ. ನಾನು ಓದಿ ಹೇಳಿದಾಗ ಕಾಕನಿಗೆ ಹಿಗ್ಗೋ ಹಿಗ್ಗು. "ನೋಡಿದ್ಯಾ? ಡ್ರೈವರ್ ಜಾತಿ ಲೋಕದಲ್ಲಿ ಒಂದೇ ಮಾರಾಯ!"

ನಾನು ಈ ಊರಿಗೆ ಮೊದಲು ಬಂದಿಳಿದಾಗ ಅಬ್ಹಾ ವಿಮಾನ ನಿಲ್ದಾಣದಲ್ಲಿ ನನ್ನನ್ನು ಎದುರುಗೊಂಡವರೂ ಕಾಕನೇ. ರಟ್ಟಿನ ತುಂಡಿನ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆದು ಎತ್ತಿ ಹಿಡಿದಿದ್ದರು. ಅರಬಿ, ಇಂಗ್ಲಿಷ್ ಹಲಗೆಗಳ ನಡುವೆ ಅದೊಂದು. ಇಂಗ್ಲಿಷಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ, "ಇಂಗ್ಲಿಷಲ್ಲಿ ಬರೆದ್ರೆ ನಾನು ನಾನು ಅಂತ ಹತ್ತು ಜನ ಬರ್ತಾರೆ. ಕನ್ನಡ ಓದಿಕೊಂಡು ಬರುವವ ನೀನೊಬ್ಬನೇ," ಎಂದರು. ಅವರ ಮನೆಮಾತು ಬ್ಯಾರಿ, ನನ್ನದು ಕುಂದಾಪುರದ ಕಡೆಯದು. ಆ ರಟ್ಟು ನೋಡಿದ ಮೇಲೆ ನನಗೆ ಈ ಊರು ಪರವೂರಾಗಲಿಲ್ಲ.

ಕಫೀಲನ ಕೆಲಸ ಮುಗಿದ ಹೊತ್ತಿನಲ್ಲಿ ಊರಿಗೆ ಹೊರಟ ನಮ್ಮವರನ್ನೂ ಅವರೇ ವಿಮಾನ ನಿಲ್ದಾಣಕ್ಕೆ ಬಿಡುತ್ತಿದ್ದರು. ಬಿಟ್ಟ ಕೂಡಲೇ ತಿರುಗಿ ಬರುತ್ತಿರಲಿಲ್ಲ. ವಿಮಾನ ನೆಲ ಬಿಟ್ಟು ಏಳುವ ತನಕ ಗಾಡಿ ನಿಲ್ಲಿಸಿ ಕಾಯುತ್ತಿದ್ದರು. ಹಿಂದೆ ಯಾವಾಗಲೋ ನಮ್ಮ ಕಡೆಯ ನರ್ಸ್ ಒಬ್ಬಳನ್ನು ಕಾಗದ ಸರಿಯಿಲ್ಲವೆಂದು ಕೌಂಟರಿನಿಂದ ಹಿಂದೆ ಕಳಿಸಿದ್ದರಂತೆ. ಬಿಟ್ಟು ಹೋದವರು ಹೋಗಿಯಾಗಿತ್ತು, ಅವಳು ಹೊರಗೆ ಪೆಟ್ಟಿಗೆಯ ಮೇಲೆ ಕೂತು ಅಳುತ್ತಿದ್ದಳಂತೆ. "ಹೊರಟವರು ಹೋದ್ರೋ ಇಲ್ವೋ ನೋಡ್ಬೇಕು. ಅಲ್ಲಿವರೆಗೆ ಬಿಟ್ಟದ್ದು ಅಂತ ಲೆಕ್ಕ ಇಲ್ಲ," ಎನ್ನುತ್ತಿದ್ದರು.

ಈಗ ಕುಟುಂಬ ದ್ವೀಪಕ್ಕೆ ಹೊರಟ ಆ ಬೇಸಿಗೆಯ ಮಾತಿಗೆ ಬರುತ್ತೇನೆ. ಬರಬೇಕೆಂದು ಮನಸ್ಸಿಲ್ಲ, ಆದರೆ ಕಾಕನ ವಿಷಯ ಹೇಳಿ ಇದನ್ನು ಬಿಡುವುದು ಮೀನು ಹಾಕದೆ ಮೀನು ಸಾರು ಬಡಿಸಿದ ಹಾಗೆ.

ಕಾಕನ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಹುಡುಗ ದುಬೈಯಲ್ಲಿ ಕೆಲಸದವನು, ಅವನ ರಜೆಗೆ ಹೊಂದಿಸಿ ದಿನ ಇಟ್ಟಿದ್ದರು. ನಮ್ಮ ಕಡೆಯ ಬ್ಯಾರಿಗಳ ನಿಕಾಹಿನಲ್ಲಿ ಹುಡುಗಿಯ ತಂದೆ ಮದುಮಗನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ಇವಳನ್ನು ನಿನಗೆ ಕೊಟ್ಟೆ ಎನ್ನಬೇಕು. ಕಾಕ ಅದೊಂದು ಮಾತಿಗಾಗಿ ಬದುಕುತ್ತಿದ್ದರು ಎಂದರೆ ಹೆಚ್ಚಲ್ಲ. ಕಾರು ತೊಳೆಯುವಾಗಲೂ ಬಾಯಿಯಲ್ಲಿ ಅದನ್ನೇ ಗುಣುಗುಣಿಸುತ್ತಿದ್ದರು.

ಮದುವೆ ಬೀಳುವುದು ಕುಟುಂಬ ದ್ವೀಪದಲ್ಲಿರುವ ದಿನಗಳಲ್ಲೇ. ಕಫೀಲನೇ ಹೇಳಿದ್ದ: "ನಾವಿಲ್ಲದಾಗ ಡ್ರೈವರ್ ಯಾಕೆ? ನೀನೂ ಹೋಗಿ ಬಾ." ಕೆಟ್ಟ ಮನುಷ್ಯನಲ್ಲ, ಅದೇ ಸಂಕಟ. ಮನೆಯ ಡ್ರೈವರ್ ದೇಶ ಬಿಟ್ಟು ಹೋಗಿ ಬರುವ ವೀಸಾವನ್ನು ಯಜಮಾನ ತನ್ನ ಫೋನಿನಲ್ಲೇ ಕೊಡಬೇಕು. ಕೂತಲ್ಲೇ ಆಗುವ ಕೆಲಸ, ಚಹಾ ಆರುವಷ್ಟು ಹೊತ್ತೂ ಬೇಡ. ಕಾಕ ಕೇಳಿದರು. "ಇನ್‌ಶಾ ಅಲ್ಲಾ," ಎಂದ. ಮತ್ತೆ ಕೇಳಿದರು. "ಬುಕ್ರಾ," ಎಂದ, ಎಂದರೆ ನಾಳೆ. ಹೊರಡುವ ಮುನ್ನಾದಿನ, "ವಿಮಾನ ನಿಲ್ದಾಣದಲ್ಲಿ ಸುಮ್ಮನೆ ಕೂತಿರುತ್ತೇನಲ್ಲ, ಆಗ ಮಾಡುತ್ತೇನೆ," ಎಂದ. ಕಾಕನ ಟಿಕೆಟನ್ನು ನಾನು ಕುಟುಂಬ ಹೊರಡುವ ಮರುದಿನಕ್ಕೆ ಮಾಡಿಟ್ಟಿದ್ದೆ.

ಹೋಟೆಲಿನ ಕಾಗದಗಳನ್ನು ಕೈಗೆ ಕೊಡಲೆಂದು ನಾನೂ ಆ ಬೆಳಿಗ್ಗೆ ಅಬ್ಹಾಕ್ಕೆ ಹೋಗಿದ್ದೆ. ಪೆಟ್ಟಿಗೆಗಳು, ಮಕ್ಕಳು, ಮುದುಕಮ್ಮನ ಗಾಲಿಕುರ್ಚಿ. ಕಾಕ ಎಲ್ಲರನ್ನೂ ಇಳಿಸಿದರು, ಎಲ್ಲರ ಸಲಾಮಿಗೂ ಸಲಾಮು ಹೇಳಿದರು. ಕಫೀಲ ಅವರ ಭುಜ ತಟ್ಟಿ ಒಳಗೆ ನಡೆದ. ಕಿವಿಗೆ ಫೋನು ಹಚ್ಚಿಕೊಂಡು ಯಾರೊಡನೆಯೋ ನಗುತ್ತಿದ್ದ.

"ಕಾಕಾ, ವೀಸಾ ಆಯ್ತಾ?"

"ಇಲ್ಲ ಮಾರಾಯ."

"ಕರೆಯಿರಿ ಮತ್ತೆ! ಇಗೋ, ಇಲ್ಲೇ ಇದ್ದಾರೆ."

ನಾನು ಬಾಯಿ ತೆರೆದಿದ್ದೆ. ಕಾಕ ನನ್ನ ಮಣಿಕಟ್ಟು ಹಿಡಿದರು. "ಕೂಗ್ಬೇಡ. ಹೊರಟವರ ಬೆನ್ನಿಗೆ ಕೂಗ್ಬಾರ್ದು. ನನ್ನ ಉಮ್ಮ ಹೇಳಿದ್ದು. ಮುದುಕಿ ಉಂಟು, ಸಣ್ಣ ಮಕ್ಕಳುಂಟು, ಕಡಲು ದಾಟಿ ಹೋಗುವವರು."

ನನ್ನ ಅಜ್ಜಿಯೂ ಇದನ್ನೇ ಹೇಳುತ್ತಿದ್ದಳು. ಹೊಸ್ತಿಲು ದಾಟಿದವರನ್ನು ಹಿಂದಿನಿಂದ ಕರೆದರೆ ಹೋದ ದಾರಿ ಕೆಡುತ್ತದೆ, ಎಲ್ಲಿಗೆ ಎಂದೂ ಕೇಳಬಾರದು. ದೇವರು ಬೇರೆಯಾದರೂ ನಮ್ಮ ಕರಾವಳಿಯ ಅಜ್ಜಿಯರೆಲ್ಲ ಒಂದೇ ಶಾಲೆಯಲ್ಲಿ ಕಲಿತವರು. ಗಾಜಿನ ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು.

"ಒಳಗೆ ಕೂತ ಮೇಲೆ ಮಾಡ್ತಾರೆ," ಎಂದರು ಕಾಕ. ಫೋನು ಮಾಡಿದರು, ಎತ್ತಲಿಲ್ಲ. ಸಂದೇಶ ಕಳಿಸಿದರು. ವಿಮಾನ ಏಳುವ ತನಕ ಕಾಯುವುದು ಅವರಿಗೆ ರೂಢಿಯೇ. ಆ ದಿನ ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು ಕಾದರು. ವಿಮಾನ ಎದ್ದಿತು. ಫೋನು ಸದ್ದು ಮಾಡಲಿಲ್ಲ.

ಎರಡು ದಿನ ಕಳೆದು ಕಫೀಲನ ಉತ್ತರ ಬಂತು. ವೀಸಾ ಕೊಡಲು ಬೇಕಾದ ಗುಟ್ಟಿನ ಸಂಖ್ಯೆ ಸೌದಿಯ ಸಿಮ್ಮಿಗೆ ಬರುತ್ತದೆ, ಆ ಸಿಮ್ ದ್ವೀಪದಲ್ಲಿ ನಡೆಯುವುದಿಲ್ಲ. "ಮರೆತೇ ಹೋಯಿತು. ಮದುವೆಯನ್ನು ಒಂದು ವಾರ ಮುಂದೆ ಹಾಕಲು ಹೇಳು. ನಾನು ಬಂದು ಮಾಡುತ್ತೇನೆ, ಇನ್‌ಶಾ ಅಲ್ಲಾ." ಜೊತೆಗೆ ನೀಲಿ ಕಡಲಿನ ಒಂದು ಚಿತ್ರ.

ಕಾಕ ಆ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಕಡಲು ಚಂದ ಉಂಟು," ಎಂದರು.

ಮದುವೆ ಮುಂದೆ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಹುಡುಗನ ರಜೆ ಮುಗಿಯುತ್ತಿತ್ತು. ನಿಕಾಹಿನ ದಿನ ನಮ್ಮ ಆಫೀಸಿಗೆ ರಜೆ. ಒಳಗೆ ನಾವಿಬ್ಬರೇ. ಕಾಕ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಅತ್ತರು ಪೂಸಿಕೊಂಡು ಬಂದಿದ್ದರು, ಮದುವೆಗೇ ಬಂದವರ ಹಾಗೆ. ಅಂದು ಮೊದಲ ಸಲ ನಮ್ಮ ಸೋಫಾದಲ್ಲಿ ಕೂತರು. ಫೋನಿನ ಚೌಕದೊಳಗೆ ಮದುವೆ ಹಾಲ್, ಟೋಪಿಗಳು, ಗುರುಗಳು, ಮದುಮಗ. ಅವನೆದುರು ಕಾಕನ ತಮ್ಮ ಕೂತು ಅವನ ಕೈ ಹಿಡಿದ. ಆ ಮಾತು ಹೇಳಿದ. ಇಲ್ಲಿ ಕಾಕನ ತುಟಿಗಳೂ ಅದನ್ನೇ ಹೇಳಿದವು, ಸದ್ದಿಲ್ಲದೆ. ಅವರ ಬಲಗೈ ಫೋನು ಹಿಡಿದಿತ್ತು.

ಕರೆ ಮುಗಿದ ಮೇಲೆ ಕೇಳಿದರು: "ತಮ್ಮ ಸ್ವಲ್ಪ ಬೇಗ ಬೇಗ ಹೇಳಿದ, ಅಲ್ವಾ?"

ಕಾಕ ಎದ್ದು, ಕೂತಲ್ಲಿ ಬಿದ್ದಿದ್ದ ಸುಕ್ಕನ್ನು ಕೈಯಿಂದ ಸವರಿ ಸರಿಮಾಡಿ, ಹೊರಟು ಹೋದರು.

ಕುಟುಂಬ ತಿರುಗಿ ಬಂತು. ಅಬ್ಹಾದಿಂದ ಮನೆಗೆ ಕರೆತಂದವರು ಕಾಕನೇ. ಮರುದಿನ ನನ್ನ ಆಫೀಸಿಗೆ ಬಂದು ನಗುತ್ತಾ ಹೇಳಿದರು. ದಾರಿಯುದ್ದಕ್ಕೂ ಎಲ್ಲರ ಬಾಯಲ್ಲಿ ದ್ವೀಪದ ಡ್ರೈವರನದೇ ಗುಣಗಾನವಂತೆ. ಮುದುಕಮ್ಮ ಇಳಿಯುವಾಗ ಮೊಣಕೈ ಚಾಚಿದನಂತೆ. ಹುಡುಗಿಗೆ ಕೇಳದೆಯೇ ಕಿಟಕಿ ಇಳಿಸಿದನಂತೆ. ಹಾಡು ಹಾಕಲಿಲ್ಲವಂತೆ. "ಡ್ರೈವರ್ ಅಂದರೆ ಅವನು," ಎಂದನಂತೆ ಕಫೀಲ. "ಏನೂ ಹೇಳಬೇಕಾಗಿಯೇ ಬರಲಿಲ್ಲ. ನೀನೂ ಸ್ವಲ್ಪ ಕಲಿ."

"ನೀವು ಎಂತ ಹೇಳಿದ್ರಿ?"

"ಮಾಶಾ ಅಲ್ಲಾ ಹೇಳಿದೆ."

"ನಾನು ಹೇಳ್ತೇನೆ ಕಾಕಾ, ಅದನ್ನು ಬರೆಸಿದ್ದು ಯಾರು ಅಂತ. ಈಗಲೇ ಫೋನು ಮಾಡ್ತೇನೆ."

"ಬೇಡ. ಆ ಹುಡುಗನಿಗೆ ಬಂದ ಒಳ್ಳೆ ಹೆಸರನ್ನು ಯಾಕೆ ಕೆಡಿಸುದು? ಮಾಡಿದ್ದು ಅವನೇ ಅಲ್ವಾ. ನಾನು ಹೇಳಿದ್ದು ಮಾತ್ರ." ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, "ಒಂದು ಚಹಾ ಹೇಳು ಮಾರಾಯ, ಸಕ್ಕರೆ ಜಾಸ್ತಿ," ಎಂದರು. ಅಷ್ಟೇ ಅವರು ಆಡಿದ ದೂರು.

ನನಗೆ ಮಾತ್ರ ಇಂದಿಗೂ ಆ ಕಹಿ ಇಳಿದಿಲ್ಲ. ಒಬ್ಬ ಮನುಷ್ಯನ ಪಾಲಿನ ಒಂದೇ ಒಂದು ಗಳಿಗೆಯನ್ನು ಕಿತ್ತುಕೊಳ್ಳಲು ದ್ವೇಷ ಬೇಕಾಗಿಲ್ಲ. ಮರೆವು ಸಾಕು. ಬೈಯಬಹುದಾದಂಥ ಒಬ್ಬ ದುಷ್ಟನಾದರೂ ಸಿಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ.

ಮುಂದೆ ಸೌದಿಯಲ್ಲಿ ಹೆಂಗಸರೂ ಗಾಡಿ ಓಡಿಸಬಹುದೆಂದು ಆದ ಮೇಲೆ ಆ ಮನೆಯ ದೊಡ್ಡ ಹುಡುಗಿ ಲೈಸೆನ್ಸ್ ಮಾಡಿಸಿಕೊಂಡಳು, ಅವಳ ತಾಯಿಯೂ ಮಾಡಿಸಿಕೊಂಡಳು. ಒಂದು ಬೆಳಿಗ್ಗೆ ಕಾಕನ ಫೋನು ಟಿಣ್ ಎಂದಿತು. ಶಾಶ್ವತವಾಗಿ ಊರಿಗೆ ಹೋಗುವ ವೀಸಾ ಆಗಿತ್ತು. ಕಫೀಲ ಬೆಳಗಿನ ಚಹಾದ ಹೊತ್ತಿನಲ್ಲಿ ಮಾಡಿ ಮುಗಿಸಿದ್ದ. ಈ ಸಲ ನಾಳೆಗೆ ಹಾಕಲಿಲ್ಲ.

ಅವರನ್ನು ಅಬ್ಹಾಕ್ಕೆ ಬಿಟ್ಟವನು ನಾನು. ಕಫೀಲನ ಮನೆಯಲ್ಲಿ ಅಂದು ನೆಂಟರಂತೆ, ಯಾರೂ ಬರಲಿಲ್ಲ. ಬಾಗಿಲ ಬಳಿ ಕಾಕ ನನ್ನ ಕೈ ಹಿಡಿದರು, ಬಲಗೈಯಿಂದ. "ಬರ್ತೇನೆ ಮಾರಾಯ," ಎಂದರು, ಬರುವುದಿಲ್ಲವೆಂದು ಗೊತ್ತಿದ್ದೂ. ನಾನು ಗಾಡಿ ನಿಲ್ಲಿಸಿ, ವಿಮಾನ ನೆಲ ಬಿಡುವ ತನಕ ಕಾದೆ.

ಮರು ವರ್ಷ ಕಾಕನ ಅಳಿಯನಿಂದ ಫೋನು ಬಂತು. ಬೆಳಗಿನ ನಮಾಜು ಮುಗಿಸಿ ಬಂದು ಒರಗಿದವರು ಮತ್ತೆ ಏಳಲಿಲ್ಲವಂತೆ. ಹೊರುವಾಗ ಮುಂದಿನ ಹೆಗಲು ತಾನೇ ಕೊಟ್ಟೆ ಎಂದ.

ಅದಾದ ಮೇಲೆ ಒಂದು ದಿನ ಕಫೀಲನ ಹಿರಿಯ ಮಗ ನಮ್ಮ ಆಫೀಸಿಗೆ ಬಂದ. ಮತ್ತೆ ಅದೇ ದ್ವೀಪ, ಅದೇ ಹೋಟೆಲು, ವಿಮಾನ ನಿಲ್ದಾಣಕ್ಕೆ ಅದೇ ಡ್ರೈವರ್ ಬೇಕಂತೆ. ನಾನು ಹಳೆಯ ಬುಕಿಂಗ್ ತೆರೆದೆ. ಕಾಕ ಹೇಳಿಸಿದ್ದೆಲ್ಲ ಅಲ್ಲೇ ಇತ್ತು, ಹಾಗೆಯೇ ಕಳಿಸಿದೆ. ಅವನು ಇನ್ನೂ ಸೋಫಾದಲ್ಲಿರುವಾಗಲೇ ದ್ವೀಪದಿಂದ ಉತ್ತರ ಬಂತು. ಗಾಡಿ ಸಿದ್ಧವಿರುತ್ತದೆ ಎಂದು ಬರೆದು, ಕೊನೆಗೆ ಒಂದು ಸಾಲು: ಆ ಹಿರಿಯ ಡ್ರೈವರ್ ಹೇಗಿದ್ದಾರೆ?

ಓದಿ ಹೇಳಿದೆ.

"ಯಾವ ಡ್ರೈವರ್?" ಎಂದ ಮಗ. ಅಷ್ಟರಲ್ಲಿ ಅವನಿಗೆ ಫೋನು ಬಂತು, ಕೈ ಬೀಸಿ ಎದ್ದು ನಡೆದ. ಕರೆದು ಹೇಳಲೇ ಎಂದು ಬಾಯಿಯ ತನಕ ಬಂತು. ಹೊರಟಿದ್ದ. ಗಾಜಿನ ಬಾಗಿಲು ಮುಚ್ಚಿಕೊಂಡಿತು.

ನಾನು ಕೂತು ದ್ವೀಪದ ಡ್ರೈವರನಿಗೆ ಕಾಕ ತೀರಿಕೊಂಡ ಸುದ್ದಿ ಬರೆದೆ.