ಮುರಿದ ಮೇಲೆ ನೆನಪಾಗುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿರಿದಾದ ಓಣಿಯ ಕೊನೆಯ ಮನೆಯ ಮುಂದೆ ಒಂದು ಹಳೆಯ ಶಾಲಾ ವ್ಯಾನು ನಿಂತಿದೆ. ತಾನಾಗಿ ಬಂದದ್ದಲ್ಲ, ಹಗ್ಗ ಕಟ್ಟಿ ಎಳೆದು ತಂದದ್ದು. ಮುಂದಿನ ಸೀಟನ್ನು ಎತ್ತಿ ಇಟ್ಟಿದ್ದಾರೆ. ಸೀಟಿನ ಕೆಳಗಿರುವ ಇಂಜಿನ್ನಿನೊಳಗೆ ತಲೆ ತೂರಿಸಿಕೊಂಡು ಒಬ್ಬ ಹೆಂಗಸು ಬಗ್ಗಿದ್ದಾರೆ. ಮೈಮೇಲೆ ಗಂಡನ ದಪ್ಪ ಹಳೆಯ ಅಂಗಿ, ಅದರ ತೋಳಿನ ತುಂಬ ಕಿಡಿ ಸುಟ್ಟ ತೂತು. ಒಳಗಿನಿಂದ ದನಿ ಬರುತ್ತದೆ.

“ಯಾವ ಪುಣ್ಯಾತ್ಮ ಇದಕ್ಕೆ ಕೈ ಹಾಕಿದ್ದು?”

ಆಚೆ ನಿಂತ ಗ್ಯಾರೇಜಿನ ಮೆಕ್ಯಾನಿಕ್ಕು ಕತ್ತು ತುರಿಸಿಕೊಳ್ಳುತ್ತಾನೆ. “ಅದು ತಾನಾಗೇ ಮುರೀತಕ್ಕ. ಪೂರಾ ತುಕ್ಕು.”

“ತಾನಾಗೇ ಮುರಿಯೋಕೆ ಅದೇನು ಒಣ ಕಡ್ಡೀನಾ? ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ. ಬ್ಯಾಟರಿ ವೈರ್ ಬಿಚ್ಚಿದೀಯಾ?”

ಬಿಚ್ಚಿಲ್ಲ. ಅಕ್ಕ ತಾವೇ ಬಿಚ್ಚುತ್ತಾರೆ. ವೈರು ಬಿಚ್ಚದೆ ವೆಲ್ಡಿಂಗ್ ಹಚ್ಚಿದರೆ ಗಾಡಿಯ ವಿದ್ಯುತ್ ಸಾಮಾನೆಲ್ಲ ಸುಟ್ಟುಹೋಗಬಹುದು. ಇದನ್ನು ಹೇಳಿ ಹೇಳಿ ಅವರ ಗಂಟಲು ಒಣಗಿದೆ.

ಸುತ್ತಲಿನ ಗ್ಯಾರೇಜುಗಳಿಗೆಲ್ಲ ಇವರು ಬರೀ ಅಕ್ಕ. ಇಂಜಿನ್ನಿನೊಳಗೆ ಕಚ್ಚಿಕೊಂಡ, ಮುರಿದು ಸಿಕ್ಕಿಕೊಂಡ ಬೋಲ್ಟುಗಳನ್ನು ತೆಗೆಯುವುದು ಇವರ ಕೆಲಸ. ಅದೊಂದೇ ಕೆಲಸ. ಚಕ್ರ ಬದಲಿಸುವುದಿಲ್ಲ, ಎಣ್ಣೆ ಹಾಕುವುದಿಲ್ಲ. ಬೇರೆಯವರ ಅವಸರವನ್ನು ಕಬ್ಬಿಣದೊಳಗಿಂದ ಕೀಳುತ್ತಾರೆ.

ಈ ಕೆಲಸ ಬೆಳಗಿನ ಜಾವವೇ ಏಕೆ ನಡೆಯುತ್ತದೆ ಎಂದು ತಿಳಿದಾಗ, ಅಕ್ಕನ ಕೆಲಸ ನೋಡಲೆಂದೇ ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ಬೋಲ್ಟು ಮುರಿದದ್ದು ಗಾಡಿಯ ಮಾಲೀಕನಿಗೆ ಗೊತ್ತಾಗಬಾರದು, ಅದನ್ನು ತೆಗೆದವರು ಬೇರೆ ಯಾರೋ ಎಂಬುದಂತೂ ಗೊತ್ತಾಗಲೇಬಾರದು. ಅದಕ್ಕೇ ಗ್ಯಾರೇಜುಗಳು ಬಾಗಿಲು ತೆರೆಯುವ ಮುಂಚೆ ಗಾಡಿ ಕದ್ದು ತರುವವರ ಹಾಗೆ ತಂದು, ಜನ ಏಳುವ ಹೊತ್ತಿಗೆ ಎಳೆದುಕೊಂಡು ಹೋಗುತ್ತವೆ. ಆಮೇಲೆ ಗಿರಾಕಿಯ ಮುಂದೆ ಎದೆಯುಬ್ಬಿಸಿ, “ರಾತ್ರಿಯೆಲ್ಲಾ ಕೂತು ನಾನೇ ತೆಗ್ದೆ ಸಾರ್” ಎನ್ನುವುದು. ದುಡಿದವರು ಯಾರೋ, ಮೀಸೆ ತಿರುವುವವರು ಯಾರೋ!

ಇವತ್ತು ಮಾತ್ರ ಆ ಲೆಕ್ಕ ತಪ್ಪಿದೆ. ವ್ಯಾನಿನ ಡ್ರೈವರು, ಮಾಲೀಕರೂ ಅವರೇ, ಗಾಡಿ ಬಿಟ್ಟು ಮನೆಗೆ ಹೋಗಲು ಮನಸ್ಸಾಗದೆ ಹಿಂದಿನ ಸೀಟಿನಲ್ಲೇ ಮಲಗಿದ್ದರಂತೆ. ಮೆಕ್ಯಾನಿಕ್ಕು ನೋಡದೆ ಎಳೆದುಕೊಂಡು ಬಂದಿದ್ದಾನೆ. ಅಕ್ಕನ ಬೈಗುಳಕ್ಕೆ ಎಚ್ಚರವಾಗಿ, ಡ್ರೈವರು ಕಣ್ಣುಜ್ಜುತ್ತ ಇಳಿಯುತ್ತಾರೆ.

“ಇದ್ಯಾವ ಜಾಗ? ಈಯಮ್ಮ ಯಾರು?”

ಮೆಕ್ಯಾನಿಕ್ಕಿನ ಮುಖ ನೋಡಬೇಕು, ಇಂಗು ತಿಂದ ಮಂಗ.

ಆತ ಅಕ್ಕನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಡುತ್ತಾನೆ. ಅಕ್ಕನಿಗೆ ಪಿಸುಮಾತು ಆಗಿಬರುವುದಿಲ್ಲ. “ಏನಪ್ಪಾ, ಒಳಗೆ ಎಕ್ಸ್‌ಟ್ರಾಕ್ಟರ್ ಮುರಿದಿರೋದು ಹೇಳಬೇಡ ಅಂತೀಯಾ? ಕಣ್ಣಿಗೆ ಕಾಣ್ತಿದೆಯಲ್ಲ, ಹೇಗೆ ಬಚ್ಚಿಡಲಿ, ಸೆರಗೊಳಗಾ?”

ನಡೆದದ್ದು ಇಷ್ಟು. ಹೊಗೆ ಕೊಳವೆಯನ್ನು ಇಂಜಿನ್ನಿನ ಮೇಲ್ಭಾಗಕ್ಕೆ, ಅಂದರೆ ಹೆಡ್ಡಿಗೆ, ಬಿಗಿಯುವ ಬೋಲ್ಟು ತುಕ್ಕು ಹಿಡಿದು ಕಚ್ಚಿತ್ತು. ಮೆಕ್ಯಾನಿಕ್ಕು ಬಿಸಿ ಮಾಡದೆ, ಬೋಲ್ಟು ತಿರುಗಿಸುವ ಪಾನಕ್ಕೆ ಉದ್ದದ ಪೈಪು ತೊಡಿಸಿ ಜಗ್ಗಿದ. ಬೋಲ್ಟಿನ ತಲೆ ಹಾರಿತು. ಅಲ್ಲಿಗೆ ಬಿಟ್ಟು ಬಂದಿದ್ದರೆ ಅಕ್ಕನಿಗೆ ಅರ್ಧ ಗಂಟೆಯ ಕೆಲಸ. ಮರ್ಯಾದೆ ಬಿಡಬೇಕಲ್ಲ! ಉಳಿದ ಮೋಟಿನ ನಡುವೆ ತೂತು ಕೊರೆದು, ತಿರುಚಿದ ಹಲ್ಲಿನ ಉಕ್ಕಿನ ಮೊಳೆಯೊಂದನ್ನು ಒಳಗೆ ಹೊಡೆದು ತಿರುಗಿಸಿದ. ಎಕ್ಸ್‌ಟ್ರಾಕ್ಟರ್ ಎಂದರೆ ಇದೇ. ಅದೂ ಮುರಿದು ಒಳಗೇ ಕೂತಿತು. ಅದು ಎಂಥ ಗಟ್ಟಿ ಉಕ್ಕೆಂದರೆ ಮಾಮೂಲಿ ಡ್ರಿಲ್ಲು ಅದರ ಮೇಲೆ ಜಾರಿ, ಪಕ್ಕದ ಮೆತ್ತನೆ ಅಲ್ಯೂಮಿನಿಯಮ್ ಹೆಡ್ಡನ್ನೇ ಕೊರೆಯುತ್ತದೆ.

ಹೆಡ್ಡಿನ ಆ ತೂತು ಹಾಳಾದರೆ ಕಥೆ ಮುಗಿಯಿತು. ಈ ಮಾದರಿಯ ಹೆಡ್ಡು ಈಗ ತಯಾರಾಗುವುದಿಲ್ಲ. ಗಾಡಿ ಹಳೇದು, ಹೆಡ್ಡೇ ಹೋಗಿರಬಹುದು ಎಂದು ಮೆಕ್ಯಾನಿಕ್ಕು ನಿನ್ನೆ ಹೇಳಿದ್ದಕ್ಕೆ ಡ್ರೈವರು ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಬಂದಿದ್ದಾರೆ. ಹೆಡ್ಡು ಹೋದರೆ ವ್ಯಾನು ಗುಜರಿಗೆ, ವ್ಯಾನು ಹೋದರೆ ಇವರು ಬೀದಿಗೆ.

“ನೀನೇ ಮುರಿದು ನನ್ ಗಾಡಿ ಮೇಲೆ ಹಾಕ್ತೀಯೇನೋ?” ಡ್ರೈವರು ಮೆಕ್ಯಾನಿಕ್ಕಿನ ಕೊರಳಪಟ್ಟಿಗೆ ಕೈ ಹಾಕುತ್ತಾರೆ.

“ಅಣ್ಣಾ, ಹೊಡೆದಾಟ ಓಣಿ ತುದೀಲಿ ಇಟ್ಕೊಳ್ಳಿ. ಇಲ್ಲಿ ನನ್ ಕೈ ಅಲ್ಲಾಡಿದ್ರೆ ನಿಮ್ ಗಾಡಿನೇ ಹೋಗೋದು” ಎಂದು ಅಕ್ಕ ಗದರುತ್ತಾರೆ. ಇಬ್ಬರೂ ಮೂಲೆಯ ಕಲ್ಲಿನ ಮೇಲೆ ಶಾಲೆಯ ಹುಡುಗರಂತೆ ಕೂರುತ್ತಾರೆ.

ಅಕ್ಕನ ಅಪ್ಪ ಕಿಟಕಿ ಸರಳು, ಗೇಟು ಮಾಡುತ್ತಿದ್ದ ವೆಲ್ಡರು. ವೆಲ್ಡಿಂಗ್ ಬೆಳಕಿಗೆ ಅವರ ಕಣ್ಣು ಮಂಜಾದ ಮೇಲೆ ರಾಡು ಮಗಳ ಕೈಗೆ ಬಂತು. ಮದುವೆಯಾಗಿ ಬಂದಾಗ ನಾದಿನಿ ಮೂಗು ಮುರಿದಳಂತೆ, ಹೆಂಗಸು ಬೆಂಕಿ ಮುಂದೆ ಕೂರೋದಾದ್ರೆ ಒಲೆ ಮುಂದೆ ಕೂರಲಿ ಎಂದು. ಅತ್ತೆಯೇ ಬಾಯಿ ಮುಚ್ಚಿಸಿದರು: “ಒಲೆ ಮುಂದೆ ಕೂತು ನಾನೇನು ಕಡಿದು ಗುಡ್ಡೆ ಹಾಕಿದೀನಿ? ಅವಳ ಪಾಡಿಗೆ ಬಿಡೇ.” ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಯಂತ್ರ, ಪಕ್ಕದ ಚಪ್ಪರದಲ್ಲಿ ಇವರ ವೆಲ್ಡಿಂಗ್ ಯಂತ್ರ. ಇವರ ಯಂತ್ರ ಹಚ್ಚಿದರೆ ಅವರ ದೀಪ ಮಂಕಾಗುತ್ತದೆ. “ನಾನು ಹೊಲಿಯೋದು, ಇವಳು ಬಿಚ್ಚೋದು. ಹೇಗೋ ಸಂಸಾರ ಸರಿದೂಗಿದೆ” ಎನ್ನುತ್ತ ಅವರು ಟಾರ್ಚು ಹಿಡಿದು ನಿಲ್ಲುತ್ತಾರೆ.

“ರೀ, ಬೆಳಕು ಬೋಲ್ಟಿಗೆ ಹಿಡೀರಿ. ನನ್ ಮುಖ ನೋಡಿ ಆಗಿದೆಯಲ್ಲ ಇಷ್ಟು ವರ್ಷ.”

ಚೂಪು ಮೊನೆಯ ಉಳಿಯಿಂದ ಮೆಲ್ಲಗೆ ತಟ್ಟಿ ತಟ್ಟಿ, ಒಳಗಿನ ಗಟ್ಟಿ ಉಕ್ಕನ್ನು ಪುಡಿ ಮಾಡುತ್ತಾರೆ. ಗಟ್ಟಿ ಉಕ್ಕು ಬಾಗುವುದಿಲ್ಲ, ಗಾಜಿನ ಹಾಗೆ ಒಡೆಯುತ್ತದೆ. ಚೂರುಗಳನ್ನು ಗಂಡನ ದಪ್ಪ ಸೂಜಿಯಲ್ಲಿ ಕೆದಕಿ ತೆಗೆಯುತ್ತಾರೆ. ಇದಕ್ಕೇ ಬಹಳ ಹೊತ್ತು ಹಿಡಿಯುತ್ತದೆ. ಬೆನ್ನು ನೆಟ್ಟಗೆ ಮಾಡಿದಾಗೆಲ್ಲ ಮೆಕ್ಯಾನಿಕ್ಕಿಗೆ ಒಂದು ಬೈಗುಳ ಬೀಳುತ್ತದೆ. ನನಗೂ ಒಂದು ಬಿತ್ತು, ಬೆಳಕಿಗೆ ಅಡ್ಡ ನಿಂತದ್ದಕ್ಕೆ.

ಆಮೇಲೆ ಉಳಿದ ಮೋಟಿನ ಮೇಲೆ ವೆಲ್ಡಿಂಗ್ ರಾಡಿನಿಂದ ತೊಟ್ಟು ತೊಟ್ಟಾಗಿ ಉಕ್ಕು ಕರಗಿಸಿ, ಹೊರಗೆ ಇಣುಕುವಷ್ಟು ಎತ್ತರ ಮಾಡುತ್ತಾರೆ. ಅದರ ಮೇಲೆ ನಟ್ಟು ಕೂರಿಸಿ, ನಟ್ಟಿನ ತೂತಿನೊಳಗೇ ಬೆಸೆಯುತ್ತಾರೆ. ಉಕ್ಕಿಗೆ ಉಕ್ಕು ಹತ್ತುತ್ತದೆ, ಅಲ್ಯೂಮಿನಿಯಮ್ಮಿಗೆ ಹತ್ತುವುದಿಲ್ಲ. ಕೆಂಪು ಇಳಿದ ಮೇಲೆ ಬುಡಕ್ಕೆ ಮೇಣದ ಬತ್ತಿ ಒತ್ತುತ್ತಾರೆ. ಮೇಣ ಕರಗಿ ತುಕ್ಕಿನ ಸಂದಿಗೆ ಇಳಿಯುತ್ತದೆ.

ಪಾನ ಹಾಕುತ್ತಾರೆ. ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ!

“ಅಯ್ಯೋ ತಾಯಿ, ಉಲ್ಟಾ ತಿರುಗಿಸ್ತಿದೀರ!” ಡ್ರೈವರು ಎದ್ದೇ ನಿಲ್ಲುತ್ತಾರೆ.

“ಮೊದ್ಲು ಅದು ಹೇಳ್ದಂಗೆ ಸ್ವಲ್ಪ ಬಿಗಿ ಮಾಡ್ಬೇಕಣ್ಣ. ಆಮೇಲೆ ನಾವು ಹೇಳ್ದಂಗೆ ಅದು ಬರುತ್ತೆ. ನಿಮ್ ಹೆಂಡ್ತಿ ನಿಮ್ಮನ್ನ ಬಗ್ಗಿಸಿರೋದೂ ಹಂಗೇ ತಾನೇ?”

ನಟ್ಟು ಕಿತ್ತು ಬರುತ್ತದೆ. ಡ್ರೈವರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅಕ್ಕ ಇನ್ನೊಂದು ನಟ್ಟು ಬೆಸೆಯುತ್ತಾರೆ. ಅದೂ ಕಿತ್ತು ಬರುತ್ತದೆ. ಇನ್ನೊಂದು. “ಅವಸರ ಮಾಡಿದ್ರೆ ನನಗೂ ಅವನಿಗೂ ಏನ್ ವ್ಯತ್ಯಾಸ?” ಎಂದು ಗೊಣಗುತ್ತಾರೆ. ಪ್ರತಿ ಸಲದ ಬೆಂಕಿಗೆ ಒಳಗಿನ ತುಕ್ಕು ಸಡಿಲವಾಗುತ್ತಿರುತ್ತದೆ. ಈ ಬಾರಿ ಪಾನ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ. ಕೀಚ್ ಎಂದು ಒಂದು ಸದ್ದು. ಮೇಣದ ಹೊಗೆಯ ನಡುವೆ ಬೋಲ್ಟು ಸುತ್ತಿಕೊಂಡು ಹೊರಬರುತ್ತದೆ.

ಅಕ್ಕ ತೂತಿನ ಹಲ್ಲುಗಳನ್ನು, ಹಲ್ಲು ಕೊರೆಯುವ ಟ್ಯಾಪ್ ಎಂಬ ಉಪಕರಣದಿಂದ ಶುದ್ಧ ಮಾಡಿ, ಊದಿ, ಹೊಸ ಬೋಲ್ಟನ್ನು ಡ್ರೈವರ ಕೈಗೆ ಕೊಡುತ್ತಾರೆ. “ಪಾನ ಬೇಡ, ಎರಡೇ ಬೆರಳಲ್ಲಿ ತಿರುಗಿಸಿ. ತಳದವರೆಗೂ ಹೋದ್ರೆ ಹೆಡ್ಡು ಉಳೀತು ಅಂತ.” ಡ್ರೈವರು ತಿರುಗಿಸುತ್ತಾರೆ. ಬೋಲ್ಟು ಬೆಣ್ಣೆಯಲ್ಲಿ ಇಳಿದಂತೆ ಕೊನೆಯವರೆಗೂ ಹೋಗಿ ನಿಲ್ಲುತ್ತದೆ. ಅವರು ಅಲ್ಲೇ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ.

“ಗ್ಯಾರೇಜಿಗೆ ಎಳ್ಕೊಂಡು ಹೋಗೋಣ್ವಾ?” ಮೆಕ್ಯಾನಿಕ್ಕಿನ ದನಿ ಈಗ ಮೆತ್ತಗಾಗಿದೆ.

“ಎಲ್ಲಿಗೂ ಇಲ್ಲ. ಇಲ್ಲೇ ಕೊಳವೆ ಕೂರಿಸು, ಇವರ ಎದುರೇ.”

ಕೂರಿಸಿ, ಬ್ಯಾಟರಿ ವೈರನ್ನು ಮತ್ತೆ ಹಚ್ಚುತ್ತಾನೆ. ಇಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಳ್ಳುತ್ತದೆ. ಅಕ್ಕ ಕಿವಿ ಹತ್ತಿರ ತಂದು, ಹೊಗೆ ಸೋರುವ ಟಿಕಟಿಕ ಸದ್ದು ಇದೆಯೇ ಎಂದು ಆಲಿಸುತ್ತಾರೆ. ಇಲ್ಲ. ತಾವು ಉಳಿಸಿದ ಇಂಜಿನ್ನು ಓಡುವ ಸದ್ದನ್ನು ಅವರು ಕೇಳುವುದೇ ಅಪರೂಪ ಎಂದು ಗಂಡ ನನಗೆ ಹೇಳುತ್ತಾರೆ. ಎಲ್ಲವೂ ಇಲ್ಲಿಂದ ಹಗ್ಗ ಕಟ್ಟಿಕೊಂಡೇ ಹೋಗುತ್ತವೆ. ಅಕ್ಕ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿರುತ್ತಾರೆ.

“ತಾಯಿ, ಇಲ್ಲೊಂದು ಬೋರ್ಡ್ ಹಾಕಿಸ್ತೀನಿ. ಊರಿಗೆಲ್ಲಾ ಗೊತ್ತಾಗ್ಲಿ” ಎನ್ನುತ್ತಾರೆ ಡ್ರೈವರು. ನಾನೂ ಹೌದೆಂದು ತಲೆಯಾಡಿಸುತ್ತೇನೆ.

“ಇಲ್ಲಿ ಬೋರ್ಡ್ ಹಾಕಿದ್ರೆ ಇವನಂಥವ್ರು ನಾಚ್ಕೊಂಡು ಬರಲ್ಲ. ಬರ್ದೆ ಇನ್ನಷ್ಟು ಕೆಡಿಸ್ತಾರೆ. ಅಷ್ಟು ಆಸೆ ಇದ್ರೆ ಅವನ ಗ್ಯಾರೇಜಲ್ಲೇ ಹಾಕ್ಸಿ, ಬಿಸಿ ಮಾಡ್ದೆ ಜಗ್ಗಬೇಡಿ ಅಂತ. ಕೆಟ್ಟ ಮೇಲೆ ಬುದ್ಧಿ ಬರೋ ಬದ್ಲು ಒಂದು ಸಲ ಮುರಿಯೋಕೆ ಮುಂಚೆ ಬರ್ಲಿ. ಅಷ್ಟೇ ನನ್ ಆಸೆ.”

“ಹಾಗಾದರೆ ನಿಮ್ಮ ಕೆಲಸವೇ ಹೋಗುತ್ತಲ್ಲ?” ನಾನು ಕೇಳುತ್ತೇನೆ.

ಅಕ್ಕ ಕೈ ಒರೆಸಿಕೊಳ್ಳುತ್ತ ಮೆಕ್ಯಾನಿಕ್ಕಿನ ಕಡೆ ನೋಡುತ್ತಾರೆ. ಆತ ನೆಲ ನೋಡುತ್ತಾನೆ.

“ಎಲ್ಲಿ ಹೋಗುತ್ತೆ? ಬೋರ್ಡ್ ಓದ್ತಾ ಓದ್ತಾನೇ ಜಗ್ಗೋ ಜನ ಇವರು. ಜಗ್ಲಿ ಬಿಡಿ. ತೆಗೆಯೋಕೆ ನಾನಿದೀನಲ್ಲ.”