ಏಳನೇ ಗಾಜು

ಊರಿನವರು ಅವನನ್ನು ಬಿರುಕಣ್ಣ ಎನ್ನುತ್ತಿದ್ದರು. ಕೋಟೆಗುಡ್ಡದ ಬಿರುಕುಗಳನ್ನು ನೋಡಿಕೊಳ್ಳುವುದೇ ಅವನ ಸರ್ಕಾರಿ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಮಾಡಿ ಸ್ವಭಾವವೂ ಹಾಗೇ ಆಗಿಹೋಗಿತ್ತು. ತರಕಾರಿಯವಳು ಒಂದು ಟೊಮೆಟೊ ಹೆಚ್ಚಿಗೆ ಹಾಕಿದರೆ ಹುಳ ಇರಬೇಕೆಂದು ತಿರುಗಿಸಿ ನೋಡುತ್ತಿದ್ದ. ಹೆಂಡತಿ ನಗುನಗುತ್ತಾ ಚಹಾ ತಂದರೆ, "ಏನು ವಿಷಯ?" ಎಂದು ಕೇಳದೆ ಲೋಟ ಮುಟ್ಟುತ್ತಿರಲಿಲ್ಲ.

ಆ ಗುಡ್ಡವೂ ಅಂಥ ಅನುಮಾನಕ್ಕೆ ತಕ್ಕದ್ದೇ. ಮೇಲೆ ಹಳೆಯ ಕೋಟೆ, ಅದರ ಕೆಳಗೆ ಎಪ್ಪತ್ತು ಅಡಿ ನೆಟ್ಟನೆಯ ಬಂಡೆ. ನೋಡಿದವರಿಗೆ ಹುಟ್ಟಿದಾಗಿನಿಂದ ಹಾಗೇ ನಿಂತಿದೆ ಅನಿಸಬೇಕು. ನಿಜಕ್ಕೂ ಅದೊಂದು ಕಾಲದಲ್ಲಿ ಮೇಕೆಗಳು ಹತ್ತಿ ಇಳಿಯುತ್ತಿದ್ದ ಇಳಿಜಾರು. ಶತ್ರು ಹತ್ತಿ ಬರಬಾರದೆಂದು ಕೋಟೆ ಕಟ್ಟಿದವರು ಅದರ ಬುಡವನ್ನು ಉಳಿ ಹಿಡಿದು ಕಡಿದು ಗೋಡೆಯಂತೆ ನಿಲ್ಲಿಸಿದ್ದರು. ಗುಡ್ಡಕ್ಕೆ ತನ್ನದೇ ಒಂದು ಓರೆ ಇರುತ್ತದೆ, ಅದನ್ನು ಕಿತ್ತುಕೊಂಡರೆ ನೂರಾರು ವರ್ಷ ಸುಮ್ಮನಿದ್ದು ಒಂದು ದಿನ ವಾಪಸ್ ಕೇಳುತ್ತದೆ ಎಂದು ಬಿರುಕಣ್ಣ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಶತ್ರುವಂತೂ ಬರಲೇ ಇಲ್ಲ. ಬಂದದ್ದು ನಲವತ್ತು ಮನೆಗಳ ಒಂದು ಬೀದಿ, ಬಂಡೆಗೆ ಬೆನ್ನು ಕೊಟ್ಟುಕೊಂಡು.

ಬಿರುಕಿನ ಮೇಲೆ ಅಡ್ಡಲಾಗಿ ಎರಡು ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ತಾರೀಕು ಗೀರುವುದು ಅವನ ಕೆಲಸದ ಕ್ರಮ. ಬಂಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಅಂಥ ಇಪ್ಪತ್ತೆರಡು ಗಾಜುಗಳನ್ನು ಪ್ರತಿ ಸೋಮವಾರ ನೋಡಿ ರಿಜಿಸ್ಟರಿನಲ್ಲಿ 'ಬದಲಾವಣೆ ಇಲ್ಲ' ಎಂದು ಬರೆಯುತ್ತಿದ್ದ. ಏಳನೇ ಗಾಜು ಅವನ ಅಕ್ಕನ ಹಿತ್ತಿಲಲ್ಲೇ ಇತ್ತು. ಅಕ್ಕ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವಳು. ತಾಯಿ ಇಲ್ಲದ ತಮ್ಮನನ್ನು ಸಾಕಿ ಸಲಹಿದ್ದು, ಸ್ಲೇಟು ಹಿಡಿಸಿ ಅಕ್ಷರ, ಅಂಕಿ ತಿದ್ದಿಸಿದ್ದು ಎಲ್ಲ ಅವಳೇ. ಸೋಮವಾರ ಏಳನೇ ಗಾಜು ನೋಡಿ ಅಲ್ಲೇ ತಿಂಡಿ ತಿಂದು ಎಂಟನೆಯದಕ್ಕೆ ಹೋಗುವುದು ಅವನ ರೂಢಿ.

ಒಂದು ಸೋಮವಾರ ಏಳನೇ ಗಾಜು ತೀರಾ ಚೊಕ್ಕಟವಾಗಿ ಕಂಡಿತು. ಉಳಿದವುಗಳ ಮೇಲೆ ಬೆರಳು ಅಂಟುವಷ್ಟು ಧೂಳು, ಇದರ ಮೇಲೆ ಚೂರೂ ಇಲ್ಲ. ಸಿಮೆಂಟಿನ ಮೇಲಿನ ತಾರೀಕು ಮಾತ್ರ ಹಳೆಯದೇ, ಅವನದೇ ಕೈಬರಹ. ಒಂಬತ್ತರ ಬಾಲ ಕೂಡ ಅವನು ಎಳೆಯುವಂತೆಯೇ ಉದ್ದವಾಗಿತ್ತು.

ಯಾರೋ ಒಡೆದ ಗಾಜು ತೆಗೆದು ಹೊಸದು ಹಾಕಿದ್ದಾರೆ! ಗಾಜು ಒಡೆದಿದೆ ಎಂದು ಬರೆದರೆ ಇಂದಲ್ಲ ನಾಳೆ ಇಡೀ ಬೀದಿ ಖಾಲಿಯಾಗಬೇಕು. ಬರೆಯದಿದ್ದರೆ ಯಾವತ್ತೋ ಒಂದು ದಿನ ನಲವತ್ತು ಮನೆಯ ಜನ ಮಣ್ಣುಪಾಲು. ಯಾರ ಕೈವಾಡ? ಬೀದಿ ತುದಿಯ ದರ್ಜಿ ಇತ್ತೀಚೆಗೆ ತಾನಾಗಿಯೇ ನಮಸ್ಕಾರ ಹೇಳುತ್ತಿದ್ದ, ಅದು ಒಳ್ಳೆಯ ಲಕ್ಷಣವಲ್ಲ. ನಿವೃತ್ತ ಮೇಷ್ಟರು ಹೋದ ವಾರ ಸಿಮೆಂಟಿನ ಬಗ್ಗೆ ವಿಚಾರಿಸಿದ್ದರು. ಕೊನೆಗೆ ಕಚೇರಿಯ ಸಾಹೇಬರ ಮೇಲೂ ಒಂದು ಕಣ್ಣಿಟ್ಟ. ಗಾಜಿನ ಕೆಳಗಿನ ಅಂಚಿಗೆ ಕಾಣದ ಹಾಗೆ ಒಂದು ಚುಕ್ಕೆ ಕೆಂಪು ಬಣ್ಣ ಹಚ್ಚಿ ಬಂದ.

ಮುಂದಿನ ಸೋಮವಾರ ಗಾಜು ನೆಟ್ಟಗಿತ್ತು. ಕೆಂಪು ಚುಕ್ಕೆ ಇರಲಿಲ್ಲ.

ಮತ್ತೊಂದು ಚುಕ್ಕೆ ಹಚ್ಚಿ, ಅಂದಿನಿಂದ ದಿನವೂ ಮಧ್ಯಾಹ್ನ, ಬೀದಿ ಉಂಡು ಮಲಗುವ ಹೊತ್ತಿಗೆ, ಕೋಟೆಯ ಮೇಲೆ ಬೋರಲು ಮಲಗಿ ಕೆಳಗೆ ಇಣುಕುತ್ತಿದ್ದ. ದರ್ಜಿ ಬರಲಿಲ್ಲ, ಮೇಷ್ಟರೂ ಬರಲಿಲ್ಲ. ಶುಕ್ರವಾರ ಅಕ್ಕ ಒಂದು ಬಟ್ಟಲು ಹಿಡಿದು ಹಿತ್ತಿಲಿಗೆ ಬಂದಳು. ಬೆಕ್ಕಿಗೆ ಹಾಲಿಡಲು ಬಂದಿರಬೇಕು ಎಂದುಕೊಂಡ. ಅಕ್ಕನಿಗೆ ಬೆಕ್ಕು ಕಂಡರಾಗದು ಎಂಬುದೂ ನೆನಪಾಯಿತು. ಅವಳು ಬಂಡೆಯ ಮುಂದೆ ಕೂತು, ಒಡೆದ ಗಾಜನ್ನು ಎಬ್ಬಿಸಿ ತೆಗೆದು, ಹೊಸದನ್ನಿಟ್ಟು, ಬಟ್ಟಲಿನ ಸಿಮೆಂಟು ಮೆತ್ತಿ, ಮುಡಿಯ ಪಿನ್ನು ತೆಗೆದು ಹಳೆಯ ತಾರೀಕನ್ನೇ ಗೀರಿದಳು. ಸ್ಲೇಟಿನ ಮುಂದೆ ಕೂತಾಗ ಬಾಗುತ್ತಿದ್ದಂತೆಯೇ ಬಾಗಿದ್ದಳು. ಮೇಲೆ ಮಲಗಿದ್ದವನಿಗೆ ಕಣ್ಣು ಮಂಜಾಯಿತು.

ಅವನು ಇಳಿದು ಬಂದಾಗ ಅಕ್ಕ ಕೈ ತೊಳೆಯುತ್ತಿದ್ದಳು.

"ಎಷ್ಟನೇದು ಅಕ್ಕ?"

ಅವಳು ಸುಳ್ಳು ಹೇಳಲಿಲ್ಲ. "ಆರನೇದು."

"ಆರು ಸಲ ಒಡೆದಿದೆಯಾ? ನನ್ನ ಕೈಲಿ ಬದಲಾವಣೆ ಇಲ್ಲ ಅಂತ ಬರೆಸ್ಕೊಂಡು, ತಿಂಡಿ ಬೇರೆ ಕೊಟ್ಟು ಕಳಿಸ್ತಿದ್ದೆಯಲ್ಲ!"

"ಒಂದು ಗಾಜಿನ ಚೂರು ಒಡೀತು ಅಂತ ನಲವತ್ತು ಮನೆ ಎಬ್ಬಿಸ್ತೀರಿ ನೀವು. ನಾನು ಎಲ್ಲಿಗೆ ಹೋಗ್ಲಿ? ಅಂಗಡಿ ಎಲ್ಲಿಡ್ಲಿ? ಬಿದ್ರೆ ನನ್ನ ಮೇಲೆ ತಾನೇ ಬೀಳೋದು?"

"ಪಕ್ಕದ ಮನೆ ಬಾಣಂತಿ ಮೇಲೂ ಬೀಳತ್ತೆ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂದು ಸಲ ಒಡೆದಿದೆ ಎಂದಷ್ಟೇ ಬರೆದರೆ ಕಚೇರಿ ಇನ್ನೂ ಮೂರು ತಿಂಗಳು ನೋಡೋಣ ಎನ್ನುತ್ತದೆ. ಆರು ಸಲ ಎಂದರೆ ಬದಲಾಯಿಸಿದವರು ಯಾರು ಎಂದೂ ಬರೆಯಬೇಕು. ಬಿರುಕಣ್ಣ ಅರ್ಧ ತಾಸು ಪೆನ್ನು ಹಿಡಿದು ಕೂತು, ಕೊನೆಗೆ 'ನನ್ನ ಅಕ್ಕ' ಎಂದು ಬರೆದ. ಬರೆದು ಅತ್ತ.

ಸಾಹೇಬರು ಓದಿದರು. ಗುಡ್ಡದ ಬುಡಕ್ಕೂ ಹೋಗಿ ಸಿಮೆಂಟಿನ ಮೇಲಿನ ತಾರೀಕನ್ನು ರಿಜಿಸ್ಟರಿನ ಪಕ್ಕ ಹಿಡಿದು ನೋಡಿದರು. "ಇದು ನಿಮ್ಮದೇ ಅಕ್ಷರ ಅಲ್ವೇನ್ರೀ? ಆರು ಸಲ ನೀವೇ ಮುಚ್ಚಿಟ್ಟು, ಈಗ ಭಯ ಬಿದ್ದು ಪಾಪದ ಹೆಂಗಸಿನ ತಲೆಗೆ ಕಟ್ತಾ ಇದೀರಾ? ಈ ರಿಪೋರ್ಟು ನಂಬಿ ನಾನು ಬೀದಿ ಖಾಲಿ ಮಾಡಿಸ್ಲಾ? ಮೊದಲು ನಿಮ್ಮ ವಿಚಾರಣೆ ಆಗ್ಲಿ."

ಜೀವಮಾನವೆಲ್ಲ ಇನ್ನೊಬ್ಬರನ್ನು ಅನುಮಾನಿಸಿದವನಿಗೆ ತನ್ನನ್ನು ಅನುಮಾನಿಸಿದಾಗ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಅಕ್ಕ ಬಾಯಿ ಬಿಡದಿದ್ದರೆ ಅವಳ ಮನೆ ಉಳಿಯುತ್ತಿತ್ತು, ಬೀದಿಯೂ ಅಲ್ಲೇ ಇರುತ್ತಿತ್ತು, ಇವನ ಕೆಲಸ ಹೋಗುತ್ತಿತ್ತು. ಬಂಡೆಯ ವಿಷಯ ಬಂಡೆಗೇ ಗೊತ್ತು.

ಮರುದಿನ ಬೆಳಿಗ್ಗೆ ಅಕ್ಕ ಕಚೇರಿಗೆ ಬಂದಳು. ಸುದ್ದಿ ದರ್ಜಿಯಿಂದ ಮುಟ್ಟಿತ್ತು. ತಮ್ಮನ ಕಡೆ ತಿರುಗಿಯೂ ನೋಡದೆ ಸಾಹೇಬರ ಮೇಜಿನಿಂದ ಒಂದು ಹಾಳೆ ಎಳೆದುಕೊಂಡು, ನಿಂತಲ್ಲೇ ಗಾಜು ಬದಲಿಸಿದ ಆರೂ ತಾರೀಕುಗಳನ್ನು ಒಂದರ ಕೆಳಗೊಂದು ಬರೆದಳು. ಅದೇ ಒಂಬತ್ತು, ಅದೇ ಉದ್ದ ಬಾಲ.

"ಇವನಿಗೆ ಅಂಕಿ ಕಲಿಸಿದ್ದು ನಾನು ಸ್ವಾಮಿ," ಎಂದಳು. "ಗಾಜು ಒಡೆದಿದ್ದು ನಿಜ. ಎಬ್ಬಿಸಿ ನಮ್ಮನ್ನ."

ಮೂರೇ ದಿನದಲ್ಲಿ ಬೀದಿ ಖಾಲಿಯಾಯಿತು. ಅಕ್ಕ ಗಾಜು, ಚೌಕಟ್ಟುಗಳ ಸಮೇತ ತಮ್ಮನ ಮನೆಗೆ ಬಂದಳು. ತಮ್ಮನ ಹೆಂಡತಿಯ ಜೊತೆ ಮಾತಾಡಿದಳು, ಪಕ್ಕದ ಮನೆಯವರ ಜೊತೆ ಮಾತಾಡಿದಳು, ತಮ್ಮನ ಜೊತೆ ಮಾತ್ರ ಇಲ್ಲ. ಇವನಾದರೋ ಹೆಂಡತಿ ಬಡಿಸಿದ ಅನ್ನವನ್ನೂ ಒಮ್ಮೆ ಕೆದಕಿ ನೋಡಿಯೇ ತಿನ್ನುತ್ತಿದ್ದ. ಅಭ್ಯಾಸ ಎಲ್ಲಿ ಹೋಗುತ್ತದೆ!

ಹನ್ನೆರಡನೇ ದಿನ ಮಟಮಟ ಮಧ್ಯಾಹ್ನ ಬಂಡೆ ಕುಸಿಯಿತು. ಒಂದನೇ ಮನೆಯಿಂದ ಹದಿನಾಲ್ಕನೆಯದರವರೆಗೆ ಒಂದೂ ಉಳಿಯಲಿಲ್ಲ. ಬಿರುಕಣ್ಣ ಮೈಯೆಲ್ಲ ಧೂಳು ಮಾಡಿಕೊಂಡು ಓಡಿ ಬಂದ. ಅಕ್ಕ ಯಾರದೋ ಮದುವೆ ಫೋಟೋಗೆ ಗಾಜು ಕೂಡಿಸುತ್ತಿದ್ದಳು. ಅವನ ಮುಖ ನೋಡಿದವಳೇ ಗಾಜು ಕೆಳಗಿಟ್ಟಳು.

"ಯಾರಿಗಾದ್ರೂ...?"

"ಯಾರಿಗೂ ಏನೂ ಆಗಿಲ್ಲ ಅಕ್ಕ."

ಅವಳು ಗೋಡೆಗೊರಗಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದು ತಮ್ಮನ ಕಡೆ ತಿರುಗಿದಳು.

"ಮೂರನೇ ಸಲ ಗಾಜು ಒಡೆದಾಗಿನಿಂದ ನಾನು ನಿದ್ದೆ ಮಾಡಿಲ್ಲ ಕಣೋ. ಸೋಮವಾರ ಬಂದಾಗೆಲ್ಲ, ಇವತ್ತು ಇವನು ಕಂಡುಹಿಡೀತಾನೆ, ಇವತ್ತು ಹಿಡೀತಾನೆ ಅಂತ ತಿಂಡಿ ಬಡಿಸ್ಕೊಂಡು ಕಾಯ್ತಿದ್ದೆ. ಊರಲ್ಲಿ ಎಲ್ಲರ ಮೇಲೂ ಅನುಮಾನ ಪಟ್ಟೆಯಲ್ಲ, ನನ್ನ ಮೇಲೆ ಯಾಕೋ ಪಡ್ಲಿಲ್ಲ ನೀನು?"